ತೂತುಗೂಡಿನ ಹಾರ

ಬಹಳ ಹಿಂದೆ, ನಮ್ಮ ಕೆರೆಗೆ ಇನ್ನೂ ಕಲ್ಲಿನ ತೂಬು ಇರದ ಕಾಲದಲ್ಲಿ, ನೇರಳೆಕುಂಟೆ ಎಂಬ ಒಂದು ಊರಿನಲ್ಲಿ ಬ್ಯಾಟಪ್ಪ ಎಂಬುವನೊಬ್ಬನಿದ್ದನು. ಎಷ್ಟು ಹಿಂದೆ ಎಂದು ಕೇಳಬೇಡಿ. ಅವನು ರಾಜಧಾನಿಗೆ ಕುದುರೆಯ ಮೇಲೆ ಹೋದನು ಎನ್ನುವವರಿದ್ದಾರೆ, ರೈಲಿನಲ್ಲಿ ಹೋದನು ಎನ್ನುವವರೂ ಇದ್ದಾರೆ. ಹೇಗೆ ಹೋದನು ಎಂಬುದರಲ್ಲಿ ಜಗಳವಿದೆ. ಹೋಗಿ ಏನು ಮಾಡಿದನು ಎಂಬುದರಲ್ಲಿ ಜಗಳವಿಲ್ಲ, ಆದರೆ ಅದನ್ನು ಬಾಯಿಬಿಟ್ಟು ಹೇಳುವವರು ಕಡಿಮೆಯಾಗಿದ್ದಾರೆ. ಪೇಟೆಯಲ್ಲಿ ನಾಲ್ಕು ದಾರಿ ಕೂಡುವ ಕಡೆ ಅವನ ಕಲ್ಲಿನ ಮೂರ್ತಿ ನಿಂತಿದೆ. ವರ್ಷಕ್ಕೊಮ್ಮೆ ಅದಕ್ಕೆ ಬಿಂದಿಗೆಗಟ್ಟಲೆ ಹಾಲು ಸುರಿಯುತ್ತಾರೆ. ಹಾಲು ಸುರಿಯುವವರನ್ನು ನಿಲ್ಲಿಸಿ ಅಕ್ಕಯ್ಯಮ್ಮ ಯಾರು ಎಂದು ಕೇಳಿ ನೋಡಿ, ಗೊತ್ತಿಲ್ಲ ಎನ್ನುತ್ತಾರೆ. ಆದುದರಿಂದ ನಾನು ಹೇಳುತ್ತೇನೆ, ನೀವು ಕುಳಿತು ಕೇಳಿ. ಕೇಳುತ್ತಾ ಸಿಟ್ಟು ಬಂದರೆ ಬರಲಿ. ನನಗೂ ಬರುತ್ತದೆ.

ಆಗ ಸುತ್ತಿನ ಮೂವತ್ತು ಹಳ್ಳಿಗಳೂ ರೇಷ್ಮೆಹುಳುವಿನಿಂದ ಬದುಕುತ್ತಿದ್ದವು. ಹಿಪ್ಪುನೇರಳೆ ಸೊಪ್ಪು ಬೆಳೆಯುವುದು ಗಂಡಸರ ಕೆಲಸವಾಗಿತ್ತು. ಹುಳು ಸಾಕುವುದು ಹೆಂಗಸರ ಕೆಲಸವಾಗಿತ್ತು. ಪೊರೆ ಬಿಡುವ ಮೊದಲು ಹುಳು ತಲೆಯೆತ್ತಿಕೊಂಡು ಅಲುಗಾಡದೆ ಮಲಗುತ್ತದೆ, ಅದಕ್ಕೆ ಜ್ವರ ಎನ್ನುತ್ತಾರೆ. ನಾಲ್ಕು ಜ್ವರ ಎದ್ದ ಹುಳುವಿನ ಹಸಿವು ಸಾಮಾನ್ಯವಲ್ಲ. ಅದು ಸೊಪ್ಪು ತಿನ್ನುವ ಸದ್ದು ಹುಲ್ಲುಮಾಡಿನ ಮೇಲೆ ಸೋನೆ ಹಿಡಿದಂತೆ ಕೇಳುತ್ತದೆ. ಆ ದಿನಗಳಲ್ಲಿ ಹೆಂಗಸರು ತಲೆಗೆ ಎಣ್ಣೆ ಹಚ್ಚುತ್ತಿರಲಿಲ್ಲ, ಒಗ್ಗರಣೆ ಹಾಕುತ್ತಿರಲಿಲ್ಲ, ವಾಸನೆಗೆ ಹುಳು ಕೆಡುತ್ತದೆ ಎಂದು ಹೂವನ್ನೂ ಮುಡಿಯುತ್ತಿರಲಿಲ್ಲ. ತಿನ್ನುವುದನ್ನು ನಿಲ್ಲಿಸಿ ಹಣ್ಣಾದ ಹುಳುವನ್ನು ಒಂದೊಂದಾಗಿ ಆರಿಸಿ, ಬಿದಿರಿನಲ್ಲಿ ಸುತ್ತುಸುತ್ತಾಗಿ ಹೆಣೆದ ಚಂದ್ರಿಕೆಯ ಮೇಲೆ ಬಿಡುತ್ತಿದ್ದರು. ಹುಳು ಅಲ್ಲಿ ಗೂಡು ಕಟ್ಟುತ್ತಿತ್ತು.

ಗೂಡು ಕಟ್ಟಿದ ಮೇಲೆ ಕಾಯುವಂತಿಲ್ಲ, ಇದನ್ನು ನೆನಪಿಡಿ. ಒಳಗಿರುವುದು ಜೀವ. ಹತ್ತನೆಯ ದಿನದ ಸುಮಾರಿಗೆ ಅದು ಚಿಟ್ಟೆಯಾಗಿ ಗೂಡನ್ನು ತೂತು ಮಾಡಿಕೊಂಡು ಹೊರಗೆ ಬರುತ್ತದೆ. ತೂತಾದ ಗೂಡಿನಿಂದ ನೂಲು ಬರುವುದಿಲ್ಲ, ತುಂಡು ತುಂಡಾಗುತ್ತದೆ. ಅಷ್ಟರೊಳಗೆ ಗೂಡು ಮಾರಾಟವಾಗಬೇಕು. ಆಗದಿದ್ದರೆ ಬಿಸಿಲಿಗೆ ಹರವಿಯೋ ಹಬೆಯಲ್ಲಿ ಬೇಯಿಸಿಯೋ ಒಳಗಿನ ಜೀವವನ್ನು ತೆಗೆಯಬೇಕು. ಹಾಗೆ ಮಾಡಿದ ಗೂಡಿಗೆ ಬೆಲೆ ತುಸು ಕಡಿಮೆ, ಆದರೆ ಅದು ವರ್ಷವಿದ್ದರೂ ಇರುತ್ತದೆ.

ಇನ್ನು ಆಗಿನ ಸಂತೆಯ ಪದ್ಧತಿಯನ್ನು ಹೇಳಬೇಕು. ಬೆಲೆಯನ್ನು ಯಾರೂ ಬಾಯಲ್ಲಿ ಹೇಳುತ್ತಿರಲಿಲ್ಲ. ಕೊಳ್ಳುವವನು ಒಂದು ಕಡೆ, ಮಾರುವವನು ಒಂದು ಕಡೆ ನಿಂತು ಕೈ ಹಿಡಿದುಕೊಳ್ಳುತ್ತಿದ್ದರು. ಹಿಡಿದ ಕೈಗಳ ಮೇಲೆ ಹೆಗಲಿನ ವಲ್ಲಿಯನ್ನು ಹೊದಿಸುತ್ತಿದ್ದರು. ವಲ್ಲಿಯ ಕೆಳಗೆ ಬೆರಳುಗಳು ಮಾತಾಡುತ್ತಿದ್ದವು. ಎಷ್ಟು ಬೆರಳು ಒತ್ತಿದರೆ ಎಷ್ಟು ಬೆಲೆ ಎಂಬುದು ಅವರಿಗೇ ಗೊತ್ತು. ಪಕ್ಕದಲ್ಲಿ ನಿಂತವನಿಗೆ ಬಟ್ಟೆ ಅಲುಗಾಡುವುದು ಮಾತ್ರ ಕಾಣುತ್ತಿತ್ತು. ಮೂವತ್ತು ಹಳ್ಳಿಯ ಹುಳುವನ್ನು ಹೆಂಗಸರು ಸಾಕಿದರೂ, ಪರಗಂಡಸಿನ ಜೊತೆ ವಲ್ಲಿಯ ಕೆಳಗೆ ಕೈಯಿಡುವ ಹೆಂಗಸು ಎಲ್ಲಿದ್ದಾಳೆ? ಗಂಡನಿದ್ದವಳು ಗಂಡನನ್ನು ಕಳಿಸುತ್ತಿದ್ದಳು. ಇಲ್ಲದವಳು ದಳ್ಳಾಳಿಯ ಕಾಲು ಹಿಡಿಯುತ್ತಿದ್ದಳು. ತಾನು ನಿದ್ದೆಗೆಟ್ಟು ಸಾಕಿದ ಬೆಳೆಯ ಬೆಲೆಯನ್ನು ತಾನೇ ತಿಳಿಯದೆ, ಮೂರು ಮಾರು ದೂರದಲ್ಲಿ ನಿಂತು ಬಟ್ಟೆ ನೋಡುತ್ತಿದ್ದಳು. ಇದನ್ನು ಯಾರೂ ಅನ್ಯಾಯ ಎಂದು ಕರೆಯಲಿಲ್ಲ. ಪದ್ಧತಿ ಎಂದು ಕರೆದರು.

ಹಾಗೆ ದೂರ ನಿಲ್ಲುತ್ತಿದ್ದವರಲ್ಲಿ ಅಕ್ಕಯ್ಯಮ್ಮ ಒಬ್ಬಳು. ಮದುವೆಯಾದ ಮೂರನೆಯ ವರ್ಷದಲ್ಲೇ ಗಂಡ ತೀರಿಕೊಂಡಿದ್ದನು. ಅವಳ ಹಾಗೆ ಹುಳು ಸಾಕುವವರು ಮೂವತ್ತು ಹಳ್ಳಿಯಲ್ಲಿಯೇ ಇರಲಿಲ್ಲವಂತೆ. ಅವಳು ತಟ್ಟೆಯ ಹತ್ತಿರ ಬಂದರೆ ಹುಳುಗಳು ತಲೆಯೆತ್ತಿ ನೋಡುತ್ತಿದ್ದವು ಎಂದು ಹೇಳುತ್ತಾರೆ. ಸೊಪ್ಪು ಕತ್ತರಿಸಿ ಕತ್ತರಿಸಿ ಅವಳ ಬೆರಳುಗಳು ಹಸಿರಾಗಿದ್ದವು, ತೊಳೆದರೂ ಹೋಗುತ್ತಿರಲಿಲ್ಲ ಎಂದು ಹೇಳುತ್ತಾರೆ.

ಬ್ಯಾಟಪ್ಪನು ಗಾಡಿ ಹೊಡೆಯುವವನು. ಹಳ್ಳಿ ಹಳ್ಳಿಯ ಗೂಡಿನ ಮಂಕರಿಗಳನ್ನು ಹೇರಿಕೊಂಡು ಸಂತೆಗೆ ತರುವುದು ಅವನ ಕೆಲಸ. ಅವನ ದನಿ ದೊಡ್ಡದು. ಕುಂಟೆಯ ಏರಿಯ ಮೇಲೆ ನಿಂತು ಅವನು ಎತ್ತನ್ನು ಗದರಿಸಿದರೆ ಸಂತೆಯಲ್ಲಿದ್ದವರು ತಕ್ಕಡಿ ಸಿದ್ಧಮಾಡಿಕೊಳ್ಳುತ್ತಿದ್ದರಂತೆ. ಏರಿಗೂ ಸಂತೆಗೂ ಮೂರು ಹರಿದಾರಿ. ನಂಬುವವರು ನಂಬಿ.

ಒಂದು ಸಂತೆಯ ದಿನ ಅವನು ಗಾಡಿಯ ಅಚ್ಚಿಗೆ ಎಣ್ಣೆ ಹಾಕುವುದಕ್ಕೆಂದು ಗಾಡಿಯ ಕೆಳಗೆ ಅಂಗಾತ ಮಲಗಿದ್ದನು. ಗಾಡಿಯ ಪಕ್ಕದಲ್ಲಿಯೇ ದಳ್ಳಾಳಿಯೂ ಪ್ಯಾರೇಜಾನ್ ಸಾಹೇಬರೂ ನಿಂತು ಅಕ್ಕಯ್ಯಮ್ಮನ ಗೂಡಿಗೆ ಕೈ ಹಿಡಿದರು. ಪ್ಯಾರೇಜಾನ್ ಸಾಹೇಬರು ಪೇಟೆಯಲ್ಲಿ ನೂಲು ಬಿಚ್ಚುವವರು, ಏಳು ಒಲೆ ಏಳು ಚರಕದ ಯಜಮಾನರು. ನಿಂತವರಿಗೆ ವಲ್ಲಿ ಕಾಣಿಸಿತು. ಮಲಗಿದ್ದ ಬ್ಯಾಟಪ್ಪನಿಗೆ ವಲ್ಲಿಯ ಒಳಗು ಕಾಣಿಸಿತು. ಅಷ್ಟು ವರ್ಷಗಳಲ್ಲಿ ವಲ್ಲಿಯನ್ನು ಕೆಳಗಿನಿಂದ ನೋಡಿದವನು ಅವನೊಬ್ಬನೇ. ಸಾಹೇಬರು ನಾಲ್ಕು ಬೆರಳು ಒತ್ತಿದರು. ದಳ್ಳಾಳಿ ಒಪ್ಪಿದನು. ಆಮೇಲೆ ಅಕ್ಕಯ್ಯಮ್ಮನ ಹತ್ತಿರ ಹೋಗಿ ಮೂರು ಎಂದನು.

ಬ್ಯಾಟಪ್ಪನು ಎಣ್ಣೆ ಮೆತ್ತಿದ ಕೈಯಲ್ಲೇ ಎದ್ದು ಬಂದು ದಳ್ಳಾಳಿಯ ಹೆಗಲಿನಿಂದ ವಲ್ಲಿಯನ್ನು ಕಿತ್ತುಕೊಂಡನು.

"ನಾಲ್ಕು," ಎಂದನು. ಅವನು ಆಡಿದ್ದು ಆ ಒಂದೇ ಮಾತು. ಸಂತೆಯ ಹುಣಿಸೇಮರದ ಕೊಕ್ಕರೆಗಳೆಲ್ಲ ಒಮ್ಮೆಗೇ ಎದ್ದು ಹಾರಿದವು ಎಂದು ಹೇಳುತ್ತಾರೆ.

ಸಾಹೇಬರು ನಾಚಿಕೊಂಡರು. "ನಾನು ನಾಲ್ಕೇ ಕೊಟ್ಟಿದ್ದು, ಖುದಾನ ಆಣೆಗೂ," ಎಂದರು. "ಈ ಮನುಷ್ಯ ಮೂರು ಅಂತ ಹೇಳ್ತಾನೆ ಅಂತ ನನಗೇನು ಗೊತ್ತು. ನನ್ನ ಕೈ ಒಳಗಿತ್ತು, ಕಿವಿ ಹೊರಗಿತ್ತು."

ದಳ್ಳಾಳಿ ಹೆದರುವವನಲ್ಲ. "ಹಾಗಾದ್ರೆ ಇನ್ಮೇಲೆ ಮುಂಡೇರ ಕೈಯೆಲ್ಲ ನೀನೇ ಹಿಡ್ಕೊಂಡು ವ್ಯಾಪಾರ ಮಾಡ್ಸಪ್ಪ," ಎಂದು ಎಲ್ಲರಿಗೂ ಕೇಳುವಂತೆ ಆಡಿಕೊಂಡನು. ಕೆಲವರು ನಕ್ಕರು.

"ಕೈ ಯಾಕಲಾ ಹಿಡೀಬೇಕು?" ಎಂದನು ಬ್ಯಾಟಪ್ಪ. "ಅಕ್ಕನಿಗೆ ಬಾಯಿಲ್ವಾ?"

ಆಗ ಅಕ್ಕಯ್ಯಮ್ಮ ಮೂರು ಮಾರು ದಾಟಿ ಮುಂದೆ ಬಂದಳು. ತನ್ನ ಗೂಡಿನ ಬೆಲೆಯನ್ನು ತನ್ನ ಬಾಯಲ್ಲೇ ಹೇಳಿದಳು. ಸಾಹೇಬರು ಬಾಯಲ್ಲೇ ಒಪ್ಪಿದರು. ಆ ಸಂತೆಯಲ್ಲಿ ಹೆಂಗಸೊಬ್ಬಳು ಬೆಲೆ ಹೇಳಿದ್ದು ಅದೇ ಮೊದಲು. ಮುಂದಿನ ಸಂತೆಗೆ ಹತ್ತು ಜನ ಬಂದರು, ಅದರ ಮುಂದಿನ ಸಂತೆಗೆ ನೂರು ಜನ ಬಂದರು ಎಂದು ಹೇಳುತ್ತಾರೆ. ಕಿತ್ತುಕೊಂಡ ವಲ್ಲಿಯನ್ನು ಬ್ಯಾಟಪ್ಪನು ಅಕ್ಕಯ್ಯಮ್ಮನ ಮಂಕರಿಗೆ ಎಸೆದು ಹೋಗಿದ್ದನು. ಅವಳು ಅದನ್ನು ಒಗೆದು ಮಡಿಸಿ ಇಟ್ಟುಕೊಂಡಳು.

ಇಷ್ಟು ಅವನು ಮಾಡಿದ್ದು ನಿಜ. ಇಲ್ಲವೆಂದು ನಾನು ಎಂದೂ ಹೇಳುವುದಿಲ್ಲ. ಇದನ್ನು ಮಾಡಿದವನೇ ಆಮೇಲೆ ಅದನ್ನೂ ಮಾಡಿದನಲ್ಲ ಎಂಬುದಕ್ಕೇ ನನಗೆ ಹೊಟ್ಟೆ ಉರಿಯುವುದು. ಕೆಟ್ಟವನು ಕೆಟ್ಟದ್ದು ಮಾಡಿದ್ದರೆ ಇಷ್ಟು ದಿನ ಯಾರು ನೆನಪಿಟ್ಟುಕೊಳ್ಳುತ್ತಿದ್ದರು?

ಆ ಕಾಲದಲ್ಲಿ ಸೀಮೆಯ ಪರವಾಗಿ ಮಾತಾಡಲು ಒಬ್ಬನನ್ನು ಆರಿಸಿ ಕಳಿಸಿರಿ ಎಂದು ದೊರೆಗಳು ಕೇಳುತ್ತಿದ್ದರಂತೆ. ಜನ ಬಯಲಿನಲ್ಲಿ ಸೇರಿ ಕೈಯೆತ್ತುತ್ತಿದ್ದರಂತೆ. ಮೂವತ್ತು ಹಳ್ಳಿಯ ಹೆಂಗಸರು ಸೊಪ್ಪಿನ ಹಸಿರು ಹತ್ತಿದ ಕೈಗಳನ್ನು ಬ್ಯಾಟಪ್ಪನಿಗಾಗಿ ಎತ್ತಿದರು. ಬಯಲಿನಲ್ಲಿ ಹಿಪ್ಪುನೇರಳೆಯ ತೋಟವೇ ಎದ್ದು ನಿಂತಂತೆ ಕಾಣಿಸಿತು ಎಂದು ಹೇಳುತ್ತಾರೆ. ಗಾಡಿ ಹೊಡೆಯುವವನು ಸೀಮೆಯ ಮುಖಂಡನಾದನು. ಸಂತೆಗೆ ಮಾಡು ಹಾಕಿಸಿದನು. ಸುಳ್ಳು ತೂಕದ ಕಲ್ಲುಗಳನ್ನು ಕುಂಟೆಗೆ ಎಸೆಸಿದನು. ಸೀಮೆಯಿಂದ ನಾಡಿನ ಸಭೆಗೆ ಹೋದನು, ಅಲ್ಲಿಯೂ ದನಿಯೆತ್ತಿದನು. ಆ ದನಿ ರಾಜಧಾನಿಗೂ ಕೇಳಿಸಿತು. ವ್ಯಾಪಾರ ಬಲ್ಲವನೆಂದು ದೊರೆಗಳು ಅವನನ್ನು ಕರೆಸಿಕೊಂಡು ಇಡೀ ದೇಶದ ವ್ಯಾಪಾರದ ಮಂತ್ರಿಯನ್ನಾಗಿ ಮಾಡಿದರು.

ಅವನು ಹೊರಡುವ ದಿನ ಎಲ್ಲರೂ ಅವನನ್ನು ಬಹುವಚನದಲ್ಲಿ ಕರೆದರು. ಅಕ್ಕಯ್ಯಮ್ಮ ಮಾತ್ರ ಕರೆಯಲಿಲ್ಲ. ಅವಳು ಆ ಹಳೆಯ ವಲ್ಲಿಯನ್ನು ತಂದು ಅವನ ಹೆಗಲಿಗೆ ಹಾಕಿದಳು.

"ಬ್ಯಾಟಪ್ಪ, ಇದು ನಿನ್ ತಾವೇ ಇರಲಿ," ಎಂದಳು. "ಬೆವರು ಒರೆಸ್ಕೊ, ಮೂಗು ಒರೆಸ್ಕೊ, ತಲೆಗೆ ಸುತ್ಕೊ. ಕೈ ಮೇಲೆ ಮಾತ್ರ ಹಾಕ್ಬೇಡ."

"ಹಾಕಿದ್ರೆ ಕೇಳಕ್ಕ," ಎಂದು ಅವನು ವಲ್ಲಿಯನ್ನು ಕಣ್ಣಿಗೊತ್ತಿಕೊಂಡನು. ಈ ಮಾತನ್ನೂ ನೆನಪಿಡಿ.

ರಾಜಧಾನಿಯಲ್ಲಿ ನಡೆದುದನ್ನು ಊರಿಗೆ ತಂದು ಹೇಳಿದವನು ಅವನ ಜೊತೆ ಹೋಗಿದ್ದ ಅಡುಗೆಯವನು. ಸಮುದ್ರದ ಆಚೆಯಿಂದ ಒಬ್ಬ ಸರದಾರನು ಹಡಗಿನಲ್ಲಿ ಬಂದಿದ್ದನಂತೆ. ಅವನು ತಂದ ರೇಷ್ಮೆಯ ನೂಲಿನಲ್ಲಿ ಒಂದು ಗಂಟಿಲ್ಲ, ಒಂದು ಸಿಕ್ಕಿಲ್ಲ. ಹಾಲಿನ ಹೊಳೆಯನ್ನು ತಿರುಚಿ ಲಡಿ ಕಟ್ಟಿದ ಹಾಗಿತ್ತಂತೆ. ನಿಮ್ಮ ದೇಶದ ಬಾಗಿಲು ತೆರೆಯಿರಿ, ಈ ನೂಲನ್ನು ಹಡಗು ಹಡಗು ಇಳಿಸುತ್ತೇವೆ, ನಿಮ್ಮ ಮಗ್ಗಗಳಿಗೆ ಅಗ್ಗವಾಗಿ ಕೊಡುತ್ತೇವೆ ಎಂದು ಅವನು ಕೇಳಿದನು. ಮೊದಲ ದಿನ ಬ್ಯಾಟಪ್ಪನು, ಆಗದು, ನಮ್ಮಲ್ಲಿ ಹುಳು ಸಾಕುವವರು ಏನಾಗಬೇಕು ಎಂದು ಕೂಗಿದನು, ಅರಮನೆಯ ದೀಪಗಳು ನಡುಗಿದವು. ಎರಡನೆಯ ದಿನ ಅಷ್ಟು ಕೂಗಲಿಲ್ಲ. ಮಂತ್ರಿಗಳು ಹಳ್ಳಿಯವರ ಹಾಗೆ ಮಾತಾಡುತ್ತಾರೆ ಎಂದು ಸಭೆಯಲ್ಲಿ ಯಾರೋ ನಕ್ಕಿದ್ದರಂತೆ. ಮೂರನೆಯ ದಿನ ಔತಣಕ್ಕೆ ಕರೆದು ದೊರೆಗಳ ಬಲಗಡೆ ಕೂರಿಸಿದರು. ದೊಡ್ಡ ಮನಸ್ಸಿನವರು, ದೂರ ನೋಡುವವರು ಎಂದು ಹೊಗಳಿದರು.

ಊಟವಾದ ಮೇಲೆ ಸರದಾರನು ಕೈ ಚಾಚಿದನು. ಅವರ ಕಡೆ ಹಾಗೆ ಕೈ ಕುಲುಕುವುದು ವಾಡಿಕೆ. ಬ್ಯಾಟಪ್ಪನು ಆ ಕೈಯನ್ನು ಹಿಡಿದುಕೊಂಡು, ನಮ್ಮ ಕಡೆ ವ್ಯಾಪಾರ ಹೇಗೆ ಮಾಡುತ್ತಾರೆ ನೋಡಿ ಎಂದು ನಗುತ್ತಾ ಹೆಗಲಿನ ವಲ್ಲಿಯನ್ನು ತೆಗೆದು ಎರಡು ಕೈಗಳ ಮೇಲೆ ಹೊದಿಸಿದನು. ಸಭೆಯೆಲ್ಲ ಚಪ್ಪಾಳೆ ತಟ್ಟಿತು. ಅಕ್ಕಯ್ಯಮ್ಮ ಕೊಟ್ಟ ವಲ್ಲಿ. ಅವನೇ ಕಿತ್ತು ಎಸೆದ ವಲ್ಲಿ. ಅದರ ಕೆಳಗೆ ಬೆರಳುಗಳು ಮಾತಾಡಿದವು. ಬೆರಳಿಗೆ ಬೆಲೆ ಹೇಳುವುದು ಗೊತ್ತು, ಆ ಬೆಲೆಯನ್ನು ತೆರುವವರು ಎಲ್ಲಿ ನಿಂತಿದ್ದಾರೆ ಎಂದು ಹೇಳುವುದು ಗೊತ್ತಿಲ್ಲ. ವಲ್ಲಿ ತೆಗೆದಾಗ ಬಾಗಿಲು ತೆರೆದಾಗಿತ್ತು.

ಅದಕ್ಕೆ ಬದಲಾಗಿ ಅವನಿಗೆ ಏನು ಸಿಕ್ಕಿತು? ಏಳು ಉಪ್ಪರಿಗೆಯ ಮನೆ ಸಿಕ್ಕಿತು ಎನ್ನುವವರಿದ್ದಾರೆ. ಚಿನ್ನದ ಕತ್ತಿ ಸಿಕ್ಕಿತು ಎನ್ನುವವರಿದ್ದಾರೆ. ಅಡುಗೆಯವನು ಮಾತ್ರ, ಏನೂ ಸಿಗಲಿಲ್ಲ, ನಾನು ಕಣ್ಣಾರೆ ನೋಡಿದ್ದೇನೆ, ಆ ಚಪ್ಪಾಳೆ ಒಂದು ಸಿಕ್ಕಿತು ಎಂದು ಹೇಳಿದನಂತೆ. ಮನೆಯೋ ಕತ್ತಿಯೋ ಸಿಕ್ಕಿದ್ದರೆ ನಾನು ಇಷ್ಟು ಬೈಯುತ್ತಿರಲಿಲ್ಲ. ಮೂವತ್ತು ಹಳ್ಳಿಯ ಅನ್ನವನ್ನು ಒಂದು ಚಪ್ಪಾಳೆಗೆ ಕೊಡುವುದೆಂದರೇನು?

ಊರಿನಲ್ಲಿ ಇದೊಂದೂ ಗೊತ್ತಿರಲಿಲ್ಲ. ಅಡುಗೆಯವನು ಇನ್ನೂ ಬಂದಿರಲಿಲ್ಲ. ಆ ಸಲ ಅಕ್ಕಯ್ಯಮ್ಮನ ಮನೆಯಲ್ಲಿ ಹಿಂದೆಂದೂ ಆಗದ ಬೆಳೆಯಾಗಿತ್ತು. ಒಂದೊಂದು ಗೂಡೂ ಪಾರಿವಾಳದ ಮೊಟ್ಟೆಯಷ್ಟು ದಪ್ಪವಿತ್ತು, ಬೆರಳಲ್ಲಿ ಒತ್ತಿದರೆ ತಗ್ಗುತ್ತಿರಲಿಲ್ಲ ಎಂದು ಹೇಳುತ್ತಾರೆ. ಅವಳು ಮಂಕರಿ ಹೊತ್ತು ಸಂತೆಗೆ ಹೋದರೆ ಕೊಳ್ಳುವವರೇ ಇಲ್ಲ. ಪ್ಯಾರೇಜಾನ್ ಸಾಹೇಬರು ಬರಿಗೈಯಲ್ಲಿ ನಿಂತಿದ್ದರು.

"ಅಕ್ಕಾ, ನಾನು ಬಿಚ್ಚಿದ ನೂಲೇ ಮನೇಲಿ ಬಿದ್ದಿದೆ," ಎಂದರು. "ಮಗ್ಗದವರು ಯಾರೂ ಮುಟ್ತಾ ಇಲ್ಲ. ಯಾವುದೋ ಹಡಗಿನ ನೂಲು ಬಂದಿದೆಯಂತೆ. ಏಳು ಒಲೇಲಿ ಆರು ಆರಿಸಿಬಿಟ್ಟೆ."

ಸಂತೆಯ ಹೆಂಗಸರೆಲ್ಲ ಅಕ್ಕಯ್ಯಮ್ಮನ ಸುತ್ತ ಸೇರಿದರು. ಬ್ಯಾಟಪ್ಪನನ್ನು ಬಲ್ಲವಳು ಅವಳೇ, ಅವನ ಹೆಗಲಿಗೆ ಬಟ್ಟೆ ಹಾಕಿ ಕಳಿಸಿದವಳೂ ಅವಳೇ. ಅವಳು ಪೂಜಾರಿಯಿಂದ ಒಂದು ಓಲೆ ಬರೆಸಿ ಓಲೆಕಾರನ ಕೈಯಲ್ಲಿ ಕಳಿಸಿದಳು. ನಾಲ್ಕನೆಯ ದಿನ ಉತ್ತರ ಬಂದಿತು. ಕುದುರೆಯಲ್ಲಿ ಬಂದಿತೋ ರೈಲಿನಲ್ಲಿ ಬಂದಿತೋ, ಅಂತೂ ಬಂದಿತು. ಪೂಜಾರಿ ಅದನ್ನು ಸಂತೆಯ ಮಾಡಿನ ಕೆಳಗೆ ನಿಂತು ಓದಿದನು. ಗೂಡುಗಳನ್ನು ಬೇಯಿಸಬೇಡಿ, ಬಿಸಿಲಿಗೂ ಹಾಕಬೇಡಿ, ಹಾಗೆ ಮಾಡಿದರೆ ಬೆಲೆ ಬೀಳುತ್ತದೆ, ಸೋಮವಾರದ ಸಂತೆಗೆ ನಾನೇ ಬರುತ್ತೇನೆ, ಕೊಳ್ಳುವವರನ್ನೂ ಕರೆತರುತ್ತೇನೆ ಎಂದು ಅದರಲ್ಲಿತ್ತು. ಕೆಳಗೆ ಅವನ ಮುದ್ರೆಯಿತ್ತು.

ಪ್ಯಾರೇಜಾನ್ ಸಾಹೇಬರಿಗೆ ಸಮಾಧಾನವಾಗಲಿಲ್ಲ. "ಅಕ್ಕಾ, ನನ್ನ ಮಾತು ಕೇಳು," ಎಂದರು. "ಇವತ್ತು ಬಿಸಿಲು ಚೆನ್ನಾಗಿದೆ. ಹರವಿಬಿಡು. ನಾಲ್ಕು ಕಾಸು ಕಡಿಮೆ ಬರಲಿ, ಗೂಡಂತೂ ಉಳೀತದೆ."

"ಬ್ಯಾಟಪ್ಪ ಬೇಡ ಅಂದ್ಮೇಲೆ ಬೇಡ," ಎಂದಳು ಅಕ್ಕಯ್ಯಮ್ಮ.

"ಮಂತ್ರಿ ಬರ್ತಾರೆ. ಆದರೆ ಹುಳಕ್ಕೆ ಓದೋಕೆ ಬರಲ್ಲವಲ್ಲ."

"ಸಾಹೇಬ್ರೆ, ಗಾಡಿ ಕೆಳಗಿಂದ ಎದ್ದು ಬಂದೋನು ಅವನು. ನೀವೂ ಅಲ್ಲೇ ಇದ್ರಿ."

ಬಿಸಿಲಿಗೆ ಹರವಲು ಚಾಪೆ ಹಿಡಿದು ನಿಂತಿದ್ದ ಹೆಂಗಸರ ಹತ್ತಿರ ಅಕ್ಕಯ್ಯಮ್ಮ ತಾನೇ ಹೋದಳು. ಬೇಡ, ಕಾಯಿರಿ, ನನ್ನ ಮಾತಿನ ಮೇಲೆ ಕಾಯಿರಿ ಎಂದಳು. ಅವರು ಚಾಪೆ ಸುತ್ತಿಟ್ಟರು. ಮೂವತ್ತು ಹಳ್ಳಿಯ ಗೂಡು ಜೀವಸಹಿತ ಕಾದು ಕುಳಿತಿತು.

ಸೋಮವಾರ ಬಂದಿತು. ಬ್ಯಾಟಪ್ಪನು ಬರಲಿಲ್ಲ. ಆ ದಿನ ಸರದಾರನು ಅವನನ್ನು ಹಡಗು ತೋರಿಸಲು ಕರೆದುಕೊಂಡು ಹೋಗಿದ್ದನಂತೆ. ಹೆಂಗಸರು ಇಲ್ಲಿ ಮಂಕರಿಯ ಮುಂದೆ ಕುಳಿತು ದಾರಿ ನೋಡುತ್ತಿದ್ದಾಗ ಅವನು ಅಲ್ಲಿ ಹಡಗು ನೋಡುತ್ತಿದ್ದನು. ಮಂಗಳವಾರವೂ ಬರಲಿಲ್ಲ. ಆ ಹೊತ್ತಿಗೆ ಮೋಡ ಮುಚ್ಚಿತ್ತು, ಹರವಬೇಕೆಂದರೂ ಬಿಸಿಲಿರಲಿಲ್ಲ, ಊರೂರಿನ ಗೂಡನ್ನೆಲ್ಲ ಬೇಯಿಸುವಷ್ಟು ಸೌದೆ ಯಾರ ಬಳಿಯೂ ಇರಲಿಲ್ಲ. ಬುಧವಾರ ಬೆಳಗ್ಗೆ ಅಕ್ಕಯ್ಯಮ್ಮ ತನ್ನ ಮಂಕರಿಯ ಮೇಲಿನ ಗೋಣಿಯನ್ನು ತೆಗೆದಳು. ಮೇಲಿನ ಗೂಡೊಂದರ ತುದಿ ಒದ್ದೆಯಾಗಿತ್ತು. ನೋಡುತ್ತಿದ್ದಂತೆಯೇ ಅಲ್ಲಿಂದ ಒಂದು ತಲೆ ಹೊರಗೆ ಬಂದಿತು.

ಆ ದಿನ ಸಂತೆಯ ತುಂಬ ಬಿಳಿಯ ಚಿಟ್ಟೆಗಳು ತುಂಬಿದವು ಎಂದು ಹೇಳುತ್ತಾರೆ. ರೇಷ್ಮೆಯ ಚಿಟ್ಟೆಗೆ ರೆಕ್ಕೆಯಿದೆ, ಹಾರಲು ಬರುವುದಿಲ್ಲ. ಅವು ಮಂಕರಿಯಿಂದ ಇಳಿದವು, ತಕ್ಕಡಿಯ ಮೇಲೆ ಹತ್ತಿದವು, ಹೆಂಗಸರ ಸೆರಗಿನ ಮೇಲೆ ಕುಳಿತು ರೆಕ್ಕೆ ಬಡಿದವು. ಬಿಳಿಯ ಗೂಡುಗಳ ಮೇಲೆ ಕೆಂಪುಮಣ್ಣಿನ ಬಣ್ಣದ ಕಲೆಗಳಾದವು. ಯಾರೂ ಅಳಲಿಲ್ಲವಂತೆ. ಪ್ಯಾರೇಜಾನ್ ಸಾಹೇಬರು ಒಂದು ಚಿಟ್ಟೆಯನ್ನು ಅಂಗೈ ಮೇಲೆ ಎತ್ತಿಕೊಂಡು, "ಇವೂ ಬಂದುಬಿಟ್ವಲ್ಲ ಅಕ್ಕ. ಇನ್ನೂ ಬರದೇ ಇರೋನು ಅವನೊಬ್ಬನೇ," ಎಂದರಂತೆ.

ಹೆಂಗಸರು ಬ್ಯಾಟಪ್ಪನನ್ನು ಬೈಯಲಿಲ್ಲ. ಅವನು ಕೈಗೆ ಸಿಗುವಲ್ಲಿ ಇರಲಿಲ್ಲ. ಅಕ್ಕಯ್ಯಮ್ಮನನ್ನು ಬೈದರು. ನಿನ್ನ ಮಾತು ಕೇಳಿ ಚಾಪೆ ಸುತ್ತಿಟ್ಟೆವು ಎಂದರು. ಅವಳು ತಲೆ ತಗ್ಗಿಸಿ ನಿಂತು ಎಲ್ಲವನ್ನೂ ಕೇಳಿದಳು. ಅವರು ಬೈದು ಮುಗಿಸಿದ ಮೇಲೆ, ಮನೆಗೊಂದು ತೂತುಗೂಡು ಕೊಟ್ಟು ಹೋಗಿ ಎಂದು ಮಾತ್ರ ಕೇಳಿದಳು. ಆ ವೇಳೆಗೆ ಅಡುಗೆಯವನು ಊರಿಗೆ ಬಂದು ವಲ್ಲಿಯ ವಿಷಯವನ್ನು ಹೇಳಿದ್ದನು.

ಹದಿನೈದು ದಿನಗಳಾದ ಮೇಲೆ ಮಂತ್ರಿಗಳ ಸವಾರಿ ಬಂದಿತು. ತಮಟೆ ಬಂದಿತು, ತೋರಣ ಬಂದಿತು. ಅವನೇ ಹಾಕಿಸಿದ ಮಾಡಿನ ಕೆಳಗೆ ಅವನಿಗೆ ಕಟ್ಟೆ ಕಟ್ಟಿದ್ದರು. ಯಾರು ಕಟ್ಟಿದ್ದು ಎಂದು ಕೇಳುತ್ತೀರಾ? ಆ ಹಳೆಯ ದಳ್ಳಾಳಿಯೇ. ಬ್ಯಾಟಪ್ಪನು ಅವನ ಪಕ್ಕದಲ್ಲಿ ಕುಳಿತಿದ್ದನು. ನಮ್ಮ ದೇಶದ ಬಾಗಿಲು ಈಗ ಪ್ರಪಂಚಕ್ಕೆ ತೆರೆದಿದೆ ಎಂದು ಮಾತಾಡಿದನು. ಕೆಳಗೆ ನಿಂತವರು ಸುಮ್ಮನೆ ಕೇಳಿದರು. ಮಂತ್ರಿಯ ಮುಂದೆ ಸುಮ್ಮನಿರುವುದು ನಮ್ಮವರಿಗೆ ಯಾವಾಗಲೂ ಚೆನ್ನಾಗಿ ಬರುತ್ತದೆ.

ಆಗ ಅಕ್ಕಯ್ಯಮ್ಮ ಹಾರ ಹಿಡಿದು ಕಟ್ಟೆ ಹತ್ತಿದಳು. ಮೂವತ್ತು ಹಳ್ಳಿಯ ಮನೆಮನೆಯ ಗೂಡು ಪೋಣಿಸಿದ ಹಾರ. ಪ್ರತಿ ಗೂಡಿನ ಒಂದು ತುದಿಯನ್ನು ಚಿಟ್ಟೆಯೇ ತೂತು ಮಾಡಿತ್ತು, ಇನ್ನೊಂದು ತುದಿಗೆ ಅವಳು ಸೂಜಿ ಹಾಕಿದ್ದಳು. ಹಾರ ಎಷ್ಟು ಉದ್ದವಿತ್ತೆಂದರೆ ಏಳು ಸುತ್ತು ಹಾಕಿದರೂ ಮಂತ್ರಿಯ ಮೊಣಕಾಲು ಮುಟ್ಟುತ್ತಿತ್ತು. ಹಳೆಯ ಪರಿಚಯದವಳನ್ನು ಕಂಡು ಬ್ಯಾಟಪ್ಪನು ಕುತ್ತಿಗೆ ಬಗ್ಗಿಸಿದನು.

"ಎಂಥ ಚೆಂದದ ಹಾರ ಅಕ್ಕ," ಎಂದನು. "ಎಷ್ಟು ಹಗುರವಾಗಿದೆ."

"ಒಳಗಿದ್ದದ್ದು ಹೋಯ್ತಲ್ಲಪ್ಪ," ಎಂದಳು ಅಕ್ಕಯ್ಯಮ್ಮ. "ಹಗುರವಾಗೇ ಇರ್ತದೆ."

ಅವನು ನಗುತ್ತಲೇ ಒಂದು ಗೂಡನ್ನು ಮುಟ್ಟಿದನು. ಬೆರಳು ತೂತಿಗೆ ಸಿಕ್ಕಿತು. ಇನ್ನೊಂದನ್ನು ಮುಟ್ಟಿದನು, ಅದರಲ್ಲಿಯೂ ತೂತು. ಗೂಡು ಸಾಗಿಸಿ ಬೆಳೆದವನಿಗೆ ಅದೇನೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ.

"ನನ್ನ ವಲ್ಲಿ ಕೊಡು," ಎಂದಳು ಅವಳು.

ವಲ್ಲಿ ಅವನ ಹೆಗಲಿನ ಮೇಲೆಯೇ ಇತ್ತು. ಅದರ ಅಂಚಿಗೆ ರೇಷ್ಮೆಯ ಪಟ್ಟಿ ಹೊಲಿಸಿದ್ದನು. ಅವಳು ಅದನ್ನು ಎಳೆದುಕೊಂಡು ಅಂಚನ್ನು ಉಜ್ಜಿ ನೋಡಿದಳು.

"ಇದು ನಮ್ಮ ನೂಲಾ, ಹಡಗಿನದ್ದಾ?"

ಅಕ್ಕಯ್ಯಮ್ಮ ವಲ್ಲಿಯನ್ನು ಎಲ್ಲರಿಗೂ ಕಾಣುವಂತೆ ಕಟ್ಟೆಯ ಮೇಲೆ ಹಾಸಿದಳು. "ಹಾಕಿದ್ರೆ ಕೇಳಕ್ಕ ಅಂದಿದ್ದೆ, ಕೇಳ್ತಾ ಇದೀನಿ," ಎಂದಳು. "ಇದರ ಕೆಳಗೆ ನೀನು ಏನು ಕೊಟ್ಟೆ, ಏನು ತಗೊಂಡೆ, ಬಾಯಲ್ಲಿ ಹೇಳು. ಅವತ್ತು ಗಾಡಿ ಕೆಳಗಿಂದ ಎದ್ದು ಬಂದು ಹೇಳಿದ್ಯಲ್ಲ, ಹಾಗೆ ಹೇಳು. ಒಂದೇ ಮಾತು ಸಾಕು."

ಬ್ಯಾಟಪ್ಪನು ಬಾಯಿ ತೆರೆದನು. ದನಿ ಬರಲಿಲ್ಲ. ಮೂರು ಹರಿದಾರಿ ಕೇಳುತ್ತಿದ್ದ ದನಿ ಎದುರಿಗೆ ನಿಂತವಳಿಗೂ ಕೇಳಿಸಲಿಲ್ಲ. ಹುಣಿಸೇಮರದ ಮೇಲೆ ಕೊಕ್ಕರೆಗಳು ಕುಳಿತಲ್ಲಿಂದ ಅಲುಗಲಿಲ್ಲ ಎಂದು ಹೇಳುತ್ತಾರೆ. ದಳ್ಳಾಳಿ ತಮಟೆಯವರಿಗೆ ಕೈ ಮಾಡಿದನು. ತಮಟೆಯ ಸದ್ದಿನ ನಡುವೆ ಕಾವಲಿನವರು ಅವಳನ್ನು ತೋಳು ಹಿಡಿದು ಕೆಳಗಿಳಿಸಿದರು. ಆ ಹೆಂಗಸು ಇನ್ನು ಮುಂದೆ ಸಂತೆಯೊಳಗೆ ಕಾಲಿಡಬಾರದು ಎಂದು ಆ ಸಂಜೆಯೇ ಅಪ್ಪಣೆಯಾಯಿತು. ಯಾವ ಸಂತೆಯಲ್ಲಿ ಹೆಂಗಸರಿಗೆ ಬಾಯಿ ಬರಲು ಅವಳು ಮೊದಲು ಬಾಯಿ ತೆರೆದಳೋ ಆ ಸಂತೆಗೇ. ಅಪ್ಪಣೆಯ ಕೆಳಗೆ ಯಾರ ಮುದ್ರೆಯಿತ್ತು ಎಂದು ನಾನು ಹೇಳುವುದಿಲ್ಲ, ನಿಮಗೆ ಗೊತ್ತಾಗಿರುತ್ತದೆ.

ಆಮೇಲೆ ಮೂವತ್ತರಲ್ಲಿ ಹದಿನೆಂಟು ಹಳ್ಳಿಯವರು ಹಿಪ್ಪುನೇರಳೆಯ ಗಿಡ ಕಿತ್ತು ರಾಗಿ ಹಾಕಿದರು. ಸಾಹೇಬರ ಮನೆಯಲ್ಲಿ ಅವರಿರುವಷ್ಟು ದಿನ ಒಂದು ಒಲೆ ಉರಿಯಿತು. ಅಕ್ಕಯ್ಯಮ್ಮ ಹುಳು ಸಾಕುವುದನ್ನು ಬಿಡಲಿಲ್ಲ. ಸಂತೆಯ ಬಾಗಿಲಿನ ಹೊರಗೆ, ಬಿಸಿಲಿನಲ್ಲಿ, ಆ ವಲ್ಲಿಯನ್ನು ನೆಲಕ್ಕೆ ಹಾಸಿ ಅದರ ಮೇಲೆ ಗೂಡು ಸುರಿದುಕೊಂಡು ಕೂರುತ್ತಿದ್ದಳು. ಸಾಹೇಬರು ಹೊರಗೆ ಬಂದು ಅವಳ ಎದುರಿಗೆ ಕುಕ್ಕರಗಾಲಿನಲ್ಲಿ ಕುಳಿತು ಬಾಯಲ್ಲೇ ಬೆಲೆ ಕಟ್ಟುತ್ತಿದ್ದರು. ಸಾಯುವ ತನಕ ಅವಳು ಅಲ್ಲಿಯೇ ಕುಳಿತಳು.

ಬ್ಯಾಟಪ್ಪನು ಮಾತ್ರ ಬಹಳ ಕಾಲ ಮಂತ್ರಿಯಾಗಿ ಬದುಕಿದನು. ಮಂತ್ರಿಯಾಗಿರಲು ದನಿ ಬೇಕಾಗಲಿಲ್ಲ, ಬೆರಳು ಸಾಕಾಯಿತು. ಆ ದಿನ ತೊಟ್ಟ ಹಾರವನ್ನು ತೆಗೆಯಲು ತೋಚದೆ ಹಾಗೆಯೇ ರಾಜಧಾನಿಗೆ ಹೋದನಂತೆ. ಅಲ್ಲಿಯ ಚಿತ್ರಗಾರನು ಅವನನ್ನು ಹಾರ ಸಮೇತ ಬರೆದು ಅರಮನೆಯ ಗೋಡೆಗೆ ತೂಗುಹಾಕಿದನು. ನೋಡಿದವರೆಲ್ಲ, ಇದೇನು ವಿಶೇಷ ಎಂದು ಕೇಳಿದರು. ನಮ್ಮ ಸೀಮೆಯ ಮರ್ಯಾದೆ ಎಂದು ಯಾರೋ ಹೇಳಿದರು. ಅಷ್ಟೇ ಸಾಕಾಯಿತು. ಅಲ್ಲಿಂದ ಮುಂದೆ ನಮ್ಮ ಕಡೆ ಬರುವ ಮಂತ್ರಿಗಳೆಲ್ಲ ಗೂಡಿನ ಹಾರ ಎಲ್ಲಿ ಎಂದು ಕೇಳತೊಡಗಿದರು. ಈಗ ಪೇಟೆಯಲ್ಲಿ ಬ್ಲೇಡಿನಿಂದ ಗೂಡು ಕೊಯ್ದು, ಬಣ್ಣ ಹಾಕಿ, ಜರಿ ಸುತ್ತಿ ಮಾರುತ್ತಾರೆ. ಆ ಮೂರ್ತಿಯ ಕುತ್ತಿಗೆಗೂ ಕಲ್ಲಿನಲ್ಲೇ ಅಂಥದ್ದೊಂದನ್ನು ಕೆತ್ತಿದ್ದಾರೆ. ಕೆತ್ತಿದವನು ತೂತುಗಳನ್ನು ಕೆತ್ತಲಿಲ್ಲ.

ಆದರೆ ನೇರಳೆಕುಂಟೆಯಲ್ಲಿ ಇಂದಿಗೂ ಪೇಟೆಯ ಹಾರವನ್ನು ತರುವುದಿಲ್ಲ. ನಮ್ಮ ಸಂತೆಯಲ್ಲಿ ಯಾರೂ ಕೈ ಮೇಲೆ ಬಟ್ಟೆ ಹಾಕುವುದಿಲ್ಲ. ಮೊದಲು ಬಂದವಳು ಒಂದು ವಲ್ಲಿಯನ್ನು ಬಾಗಿಲಿನ ಹೊರಗೆ ನೆಲಕ್ಕೆ ಹಾಸಿ, ಅದರ ಮೇಲೆ ಒಂದು ಹಿಡಿ ಗೂಡು ಸುರಿದು, ಬೆಲೆಯನ್ನು ಗಟ್ಟಿಯಾಗಿ ಕೂಗಿದ ಮೇಲೆಯೇ ಉಳಿದವರ ವ್ಯಾಪಾರ. ಬೆಳೆ ತೆಗೆಯುವಾಗ ಪ್ರತಿಯೊಂದು ಮನೆಯವರೂ ಒಂದು ಗೂಡನ್ನು ಮಾರದೆ, ಬೇಯಿಸದೆ, ಮಾಡಿನ ಸಂದಿನಲ್ಲಿ ಸಿಕ್ಕಿಸುತ್ತಾರೆ. ಚಿಟ್ಟೆ ತಾನಾಗಿ ತೂತು ಮಾಡಿಕೊಂಡು ಹೋಗುವವರೆಗೆ ಅದನ್ನು ಮುಟ್ಟುವುದಿಲ್ಲ. ಅಂಥ ಗೂಡುಗಳನ್ನೇ ಪೋಣಿಸುತ್ತಾರೆ. ಯಾರಾದರೂ ದೊಡ್ಡವರು ಬಂದರೆ ವಯಸ್ಸಾದ ಹೆಂಗಸೊಬ್ಬಳು ವೇದಿಕೆ ಹತ್ತಿ ಹಾರ ಹಾಕುತ್ತಾಳೆ. ಹಾಕಿ, ಅವರ ಕಿವಿಯ ಹತ್ತಿರ ಬಾಗಿ, "ಹಗುರವಾಗಿದೆಯಾ ಅಣ್ಣ?" ಎಂದು ಕೇಳುತ್ತಾಳೆ.

ಇದುವರೆಗೆ ಬಂದವರೆಲ್ಲ ನಕ್ಕು, ತುಂಬ ಹಗುರವಾಗಿದೆಯಮ್ಮ ಎಂದೇ ಹೇಳಿದ್ದಾರೆ. ಅವಳು ತಲೆಯಾಡಿಸಿ ಕೆಳಗಿಳಿಯುತ್ತಾಳೆ. ಮನೆಗೆ ಬಂದು, ಮುಂದೆ ಬರುವವನಿಗೆಂದು ಇನ್ನೊಂದು ಗೂಡನ್ನು ಎತ್ತಿಡುತ್ತಾಳೆ.